ಕೆಲಸ ಕಳೆದುಕೊಂಡ ಬಾವುಟ

ಮೇಷ್ಟ್ರು ಹಲಗೆಯ ಮೇಲೆ ಲೆಕ್ಕ ಬಿಡಿಸುತ್ತಿರುವಾಗ ಜವಾನ ಸುತ್ತೋಲೆ ತರುತ್ತಾನೆ. ಲೆಕ್ಕ ನಿಲ್ಲಿಸಿ ಸಹಿ ಹಾಕಿ, ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಕಂಪ್ಯೂಟರಿನೊಳಗೂ ಹೀಗೆಯೇ. ಕೀಲಿಮಣೆಯ ಗುಂಡಿ ಒತ್ತಿದರೆ ಪ್ರೊಸೆಸರಿಗೆ ಒಂದು ಕರೆ ಹೋಗುತ್ತದೆ. ಇದೇ ಇಂಟರಪ್ಟ್. ಆಯಾ ಸಾಧನವನ್ನು ನೋಡಿಕೊಳ್ಳುವ ‘ಡ್ರೈವರ್’ ಎಂಬ ಪ್ರೋಗ್ರಾಮು ಆ ಕರೆಗೆ ಓಗೊಡುತ್ತದೆ.

ಸಹಿ ಹಾಕುವಷ್ಟರಲ್ಲಿ ಮತ್ತೊಬ್ಬ, ಅವನ ಹಿಂದೆ ಮಗದೊಬ್ಬ ಬಂದರೆ? ಅರ್ಧಕ್ಕೆ ನಿಂತ ಪ್ರತಿಯೊಂದು ಕೆಲಸವನ್ನೂ ಪ್ರೊಸೆಸರು ‘ಸ್ಟ್ಯಾಕ್’ ಎಂಬ ಪುಟ್ಟ ಸ್ಮರಣ ಜಾಗದಲ್ಲಿ ಬರೆದಿಡಬೇಕು. ಜಾಗ ತುಂಬಿ ಚೆಲ್ಲಿದರೆ ಇಡೀ ವ್ಯವಸ್ಥೆಯೇ ಕುಸಿಯಬಹುದು.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಇದಕ್ಕೊಂದು ಗುರುತು, ಅಂದರೆ ‘ಫ್ಲ್ಯಾಗ್’ ಇತ್ತು. ಅದರ ಹೆಸರು 2006ರಿಂದ ‘ಐಆರ್‌ಕ್ಯೂಎಫ್ ಡಿಸೇಬಲ್ಡ್’. ‘ನನ್ನ ಕೆಲಸ ಮುಗಿಯುವವರೆಗೆ ಬೇರೆ ಕರೆ ಬೇಡ’ ಎಂಬುದು ಅದರ ಅರ್ಥ. ಬೇಕಾದ ಡ್ರೈವರುಗಳು ಈ ಬಾವುಟ ಹಾರಿಸುತ್ತಿದ್ದವು. ಉಳಿದವುಗಳ ಕೆಲಸದ ನಡುವೆ ಬೇರೆ ಕರೆಗಳು ನುಗ್ಗಬಹುದಿತ್ತು.

ಮುಂದೆ ವೇಗದ ನೆಟ್‌ವರ್ಕ್ ಕಾರ್ಡುಗಳು ಬಂದವು. ಅವು ಒಂದೇ ಪ್ರೊಸೆಸರಿನ ಮೇಲೆ ಕರೆಗಳ ಸುರಿಮಳೆಗರೆದಾಗ ಸ್ಟ್ಯಾಕ್ ತುಂಬಿ ಚೆಲ್ಲುವುದು ಕಂಡುಬಂತು. ಆದ್ದರಿಂದ 2010ರಲ್ಲಿ, 2.6.35ನೇ ಆವೃತ್ತಿಯಲ್ಲಿ, ನಿಯಮವೇ ಬದಲಾಯಿತು: ಯಾವ ಇಂಟರಪ್ಟಿಗೆ ಓಗೊಡುವಾಗಲೂ ಆ ಪ್ರೊಸೆಸರಿನಲ್ಲಿ ಬೇರೆ ಕರೆಗಳಿಗೆ ತಡೆ! ಎಲ್ಲರಿಗೂ ತಡೆ ಇದ್ದ ಮೇಲೆ ಬಾವುಟಕ್ಕೇನು ಕೆಲಸ?

ಆದರೂ ಅದನ್ನು ಒಮ್ಮೆಲೇ ಕಿತ್ತೊಗೆಯುವಂತಿರಲಿಲ್ಲ. ಅನೇಕ ಡ್ರೈವರುಗಳಲ್ಲಿ ಆ ಹೆಸರಿತ್ತು. ಮೂಲ ಪಟ್ಟಿಯಿಂದ ಹೆಸರು ಅಳಿಸಿದರೆ ಅವು ಕಂಪೈಲ್ ಆಗುತ್ತಿರಲಿಲ್ಲ. ಹಾಗಾಗಿ ಬಾವುಟ ಹೆಸರಿಗಷ್ಟೇ ಉಳಿಯಿತು. ಸ್ವಯಂಸೇವಕರು ಒಂದೊಂದೇ ಡ್ರೈವರು ತೆರೆದು ಅದನ್ನು ತೆಗೆಯುತ್ತ ಹೋದರು. ಕೊನೆಗೆ 2015ರಲ್ಲಿ, 4.1ನೇ ಆವೃತ್ತಿಯಲ್ಲಿ, ಹೆಸರೂ ಅಳಿಯಿತು. ನಿಯಮ ಬದಲಾಗಿ ಐದು ವರ್ಷ ಕಳೆದಿತ್ತು.

ಏನೂ ಮಾಡದ ಪದ ಅಲ್ಲೇ ಇದ್ದರೆ ನಷ್ಟವೇನು ಎಂದು ಕೇಳಬಹುದು. ಕಂಪ್ಯೂಟರಿಗೆ ನಷ್ಟವಿಲ್ಲ, ನಷ್ಟವೆಲ್ಲ ಓದುವವರಿಗೆ. ಹೊಸಬರು ಅದನ್ನು ಕಂಡು, ಇದರಿಂದಲೇ ರಕ್ಷಣೆ ಸಿಗುತ್ತಿದೆ ಎಂದು ನಂಬುತ್ತಾರೆ. ತಮ್ಮ ಪ್ರೋಗ್ರಾಮಿಗೂ ನಕಲು ಮಾಡುತ್ತಾರೆ. ತಪ್ಪು ತಿಳಿವಳಿಕೆ ಹೀಗೆ ಕೈಯಿಂದ ಕೈಗೆ ದಾಟುತ್ತದೆ.

ಮಕ್ಕಳು ಕಂಪ್ಯೂಟರ್ ಕಲಿಯುತ್ತಿರುವ ಪೋಷಕರಿಗೊಂದು ಮಾತು. ಹೊಸದನ್ನು ಬರೆದರಷ್ಟೇ ಸಾಧನೆಯಲ್ಲ. ಒಂದು ಸಾಲು ಏಕೆ ಇದೆ ಎಂದು ಕೇಳಿ, ಅದರ ಇತಿಹಾಸ ಹುಡುಕಿ, ಬೇಡವೆಂದು ಖಚಿತವಾದ ಮೇಲೆ ಅಳಿಸುವುದೂ ವಿದ್ಯೆಯೇ. ಲಿನಕ್ಸಿನ ಮೂಲ ಬರಹ ಎಲ್ಲರಿಗೂ ತೆರೆದಿದೆ. ಓದುವ ತಾಳ್ಮೆಯಿರುವ ವಿದ್ಯಾರ್ಥಿಗೆ ಅಲ್ಲಿ ಕೆಲಸಕ್ಕೆ ಬರವಿಲ್ಲ.