ಹಳೆಯ ಪದ್ಧತಿಯ ಮದುವೆ: ಸಿದ್ಧತೆಯೂ ಸಮಯಪ್ರಜ್ಞೆಯೂ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಎಷ್ಟೇ ಹಳೆಯದಾದರೂ ಅದರ ಅರ್ಥ ಪ್ರತಿ ವೈಶಾಖದಲ್ಲಿ ಹೊಸದಾಗುತ್ತದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಮನೆತನಗಳಲ್ಲಿ ಈಗ ಈ ಗಾದೆಗೆ ಇನ್ನೊಂದು ಮಾತು ಸೇರಿಕೊಂಡಿದೆ. ಓದಿ ಪಟ್ಟಣ ಸೇರಿದ ಮಕ್ಕಳೇ ಊರಿಗೆ ಬಂದು, ‘ನಮ್ಮ ಮದುವೆ ಅಜ್ಜ-ಅಮ್ಮನ ಕಾಲದ ಹಾಗೆ ಆಗಲಿ’ ಎಂದು ಕೇಳತೊಡಗಿದ್ದಾರೆ. ಮದುಮಗಳಿಗೆ ಇಳಕಲ್ಲ ಸೀರೆ, ಮದುಮಗನಿಗೆ ಧೋತರ ಮತ್ತು ರುಮಾಲು, ಮೆರವಣಿಗೆಗೆ ಶೃಂಗರಿಸಿದ ಚಕ್ಕಡಿ, ಮನೆಯ ಮುಂದೆ ಹಸಿರು ಹಂದರ, ನೆಲದ ಮೇಲೆ ಪಂಕ್ತಿ, ಬಾಳೆಎಲೆಯಲ್ಲಿ ಗೋಧಿ ಹುಗ್ಗಿ. ಹಿರಿಯರ ಕಣ್ಣು ತುಂಬಿ ಬರುವಂಥ ಬಯಕೆಯಿದು. ಆದರೆ ಬಯಕೆ ಎಷ್ಟು ಸೊಗಸಾಗಿದೆಯೋ ಅದನ್ನು ನೆರವೇರಿಸುವ ಕೆಲಸ ಅಷ್ಟೇ ಎಚ್ಚರವನ್ನು ಬೇಡುತ್ತದೆ.

ಹಳೆಯದು ಎಂದರೆ ಯಾವುದು?

ಮೊದಲು ಒಂದು ಮಾತನ್ನು ಮನೆಯವರೆಲ್ಲ ಕುಳಿತು ವಿಚಾರಿಸಬೇಕು. ಹಿಂದಿನ ಮದುವೆಯ ಜೀವಾಳ ಯಾವುದಾಗಿತ್ತು? ಬಂಡಿಯೇ, ಬಾಸಿಂಗವೇ, ಹಿತ್ತಾಳೆಯ ಕೊಡವೇ? ಇವು ಕಣ್ಣಿಗೆ ಕಾಣುವ ಸಂಗತಿಗಳು. ಕಾಣದಿದ್ದ ಸಂಗತಿಯೆಂದರೆ ಮುಯ್ಯಿ. ಒಂದು ಮನೆಯ ಹಂದರಕ್ಕೆ ಓಣಿಯವರೆಲ್ಲ ಗಳ ತರುತ್ತಿದ್ದರು. ಒಂದು ಮನೆಯ ಹುಗ್ಗಿಗೆ ನೆರೆಮನೆಯ ಒರಳು-ಒನಕೆಗಳೂ ದುಡಿಯುತ್ತಿದ್ದವು. ನೀರು ಹೊರುವವರು, ಸೌದೆ ಒಡೆಯುವವರು, ಎಲೆ ಹಾಕುವವರು, ಬೀಗರನ್ನು ಎದುರುಗೊಳ್ಳುವವರು ಯಾರ್ಯಾರೆಂಬುದು ಕೇಳದೆಯೇ ಗೊತ್ತಿರುತ್ತಿತ್ತು. ಇಂದು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು ಎಂಬ ಈ ಕೊಡುಕೊಳ್ಳುವಿಕೆಯೇ ಆ ಕಾಲದ ಮದುವೆಯನ್ನು ಹೊತ್ತು ನಿಂತಿತ್ತು. ಆದುದರಿಂದಲೇ ಮಳೆ ಬಂದರೂ ಜನ ಹೆಚ್ಚಾದರೂ ಮದುವೆ ಕೆಡುತ್ತಿರಲಿಲ್ಲ. ಒಬ್ಬ ಯಜಮಾನನ ತಲೆಯ ಮೇಲೆ ಬೀಳಬೇಕಾದ ಭಾರವನ್ನು ಹತ್ತು ಜನ ಹಂಚಿಕೊಳ್ಳುತ್ತಿದ್ದರು.

ಇಂದು ನಾವು ಬಂಡಿಯನ್ನು ಬಾಡಿಗೆಗೆ ತಂದು, ಹಂದರವನ್ನು ಗುತ್ತಿಗೆಗೆ ಕೊಟ್ಟು, ಓಣಿಯವರನ್ನು ಕೇವಲ ಊಟಕ್ಕೆ ಕರೆದರೆ ಅದು ಹಳೆಯ ಮದುವೆಯ ಚಿತ್ರವಾದೀತೇ ಹೊರತು ಹಳೆಯ ಮದುವೆಯಾಗಲಾರದು. ಹಾಗೆಂದು ಗುತ್ತಿಗೆಯೇ ಬೇಡವೆಂದಲ್ಲ. ಗುತ್ತಿಗೆಯವರಿಗೆ ಕೊಟ್ಟ ಪ್ರತಿಯೊಂದು ಕೆಲಸಕ್ಕೂ ಬಂಧುಗಳಲ್ಲಿ ಒಬ್ಬರನ್ನು ಹೊಣೆಗಾರರನ್ನಾಗಿ ಮಾಡಿ, ಅವರ ಹೆಸರನ್ನು ಒಂದು ವಹಿಯಲ್ಲಿ ಬರೆದಿಡಿ. ಕೊನೆಯ ಗಳಿಗೆಯಲ್ಲಿ ಏನೇ ಎದುರಾದರೂ ಮೊದಲು ನೆರವಿಗೆ ಬರುವುದು ಈ ವಹಿಯೇ.

ಆರು ತಿಂಗಳ ಮೊದಲೇ ಆರಂಭಿಸಿ

ಹಳೆಯ ವಸ್ತುಗಳು ಅವಸರವನ್ನು ಒಪ್ಪುವುದಿಲ್ಲ. ಇಳಕಲ್ಲ ಸೀರೆಯನ್ನೇ ನೋಡಿರಿ. ಅದರ ಮೈಯ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೂಡಿಸಿ ನೇಯುವುದೇ ಟೋಪ ತೆನಿಯ ವೈಶಿಷ್ಟ್ಯ. ಆದುದರಿಂದ ಮಗ್ಗದ ಮೇಲೆ ಉದ್ದನೆಯ ಹಾಸನ್ನು ಹೂಡಿ ಸಾಲಾಗಿ ಹತ್ತಾರು ಸೀರೆ ನೇಯುವಂತಿಲ್ಲ. ಒಂದೊಂದು ಸೀರೆಗೂ ಬೇರೆಯಾಗಿಯೇ ಹಾಸು ಸಿದ್ಧವಾಗಬೇಕು. ಅದರ ಮೇಲೆ ಕಸೂತಿ ಬೇಕೆಂದರೆ ಇನ್ನೂ ಹೆಚ್ಚಿನ ದಿನಗಳು ಬೇಕು. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳನ್ನು ಬಟ್ಟೆಯ ಎಳೆಗಳನ್ನು ಎಣಿಸಿ, ಗಂಟು ಹಾಕದೆ ಹೊಲಿಯಬೇಕಾಗುತ್ತದೆ. ಮದುವೆಗೆ ಹದಿನೈದು ದಿನವಿರುವಾಗ ಹೇಳಿದರೆ ಸಿಕ್ಕುವುದು ಯಂತ್ರದ ಅನುಕರಣೆ ಮಾತ್ರ. ಸೀರೆಯನ್ನೂ ಗುಳೇದಗುಡ್ಡದ ಖಣವನ್ನೂ ಆರು ತಿಂಗಳ ಮೊದಲೇ ಗೊತ್ತುಪಡಿಸಿರಿ. ಅಮ್ಮನ ಪೆಟ್ಟಿಗೆಯಲ್ಲಿ ಹಳೆಯ ಸೀರೆಯೊಂದು ಇದ್ದರೆ ಅದನ್ನು ಬಿಸಿಲಿಗೆ ಹಿಡಿದು, ಮಡಿಕೆಯ ಗೆರೆಯಲ್ಲಿ ರೇಷ್ಮೆ ಹರಿದಿದೆಯೋ ಎಂದು ಆಗಲೇ ಪರೀಕ್ಷಿಸಿರಿ. ಧಾರೆಯ ದಿನ ಉಡುವಾಗ ನೋಡುವುದು ತರವಲ್ಲ.

ಹಳೆಯ ಕಾಲದ ಉಡಿಗೆ-ತೊಡಿಗೆ, ಬಂಡಿ, ಮನೆಬಳಕೆಯ ಸಾಮಾನುಗಳು ಹೇಗಿದ್ದವೆಂದು ಮಕ್ಕಳಿಗೆ ತೋರಿಸಬೇಕೆಂದರೆ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಒಮ್ಮೆ ಹೋಗಿಬನ್ನಿರಿ. ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಅಲ್ಲಿ ಆಳೆತ್ತರದ ಶಿಲ್ಪಗಳಲ್ಲಿ ಮೂಡಿಸಲಾಗಿದೆ. ಅಜ್ಜ-ಅಮ್ಮಂದಿರನ್ನು ಜೊತೆಗೆ ಕರೆದೊಯ್ದರೆ ಶಿಲ್ಪಗಳು ಹೇಳದಿರುವುದನ್ನು ಅವರು ಹೇಳುತ್ತಾರೆ.

ಬಂಡಿಯ ಮೆರವಣಿಗೆಯ ಬಗೆಗೆ ಒಂದು ಎಚ್ಚರಿಕೆ. ಶಿಗ್ಗಾಂವಿಯನ್ನು ಹಾದುಹೋಗುವ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಎತ್ತುಗಳನ್ನು ಇಳಿಸಲೇಬಾರದು. ಬೀಗರು ವಾಹನದಲ್ಲಿ ಬಂದು ಊರ ಅಗಸೆಯಲ್ಲಿ ಇಳಿಯಲಿ. ಅಲ್ಲಿಂದ ಹಂದರದವರೆಗೆ ಬಂಡಿ ಸಾಕು. ಎತ್ತುಗಳಿಗೆ ಝೂಲು, ಗೊಂಡೆ, ಗೆಜ್ಜೆಸರ ಎಲ್ಲವನ್ನೂ ಕಟ್ಟಿರಿ, ಆದರೆ ಅವುಗಳ ಮುಂದೆ ಪಟಾಕಿ ಹಾರಿಸಬೇಡಿರಿ. ಹೊಡೆಯುವವನು ಅವುಗಳನ್ನು ಸಾಕಿದ ಒಕ್ಕಲಿಗನೇ ಆಗಿರಲಿ.

ವಾದ್ಯಕ್ಕೂ ಇದೇ ಮಾತು. ಬಸವ ಜಯಂತಿಯ ಆಸುಪಾಸಿನ ಮುಹೂರ್ತಗಳಲ್ಲಿ ಕರಡಿ ಮಜಲಿನವರಿಗೂ ಶಹನಾಯಿಯವರಿಗೂ ಒಂದೇ ದಿನ ನಾಲ್ಕು ಕಡೆ ಕರೆಯಿರುತ್ತದೆ. ಅವರು ಬರಲಾರದೆ ಹೋದರೆ? ಊರಿನ ಭಜನಾ ಮೇಳಕ್ಕೆ ಮೊದಲೇ ವೀಳ್ಯ ಕೊಟ್ಟಿರಿ. ಸೋಬಾನ ಬಲ್ಲ ತಾಯಂದಿರನ್ನು ಗೌರವದಿಂದ ಕರೆತಂದು ಹಂದರದಲ್ಲಿ ಮುಂದೆ ಕೂಡಿಸಿರಿ. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಲ್ಲಿ ಬೆಳೆದು ಗಾನಯೋಗಿಯೆನಿಸಿದ ಪಂಚಾಕ್ಷರ ಗವಾಯಿಗಳು ೧೮೯೨ರಲ್ಲಿ ಜನಿಸಿದ್ದು ಇದೇ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಅಂಥ ನೆಲದ ಮದುವೆಯಲ್ಲಿ ವಚನ ಗಾಯನವಿದ್ದರೆ ಕಿವಿಗಡಚಿಕ್ಕುವ ಯಂತ್ರಗಳ ಕೊರತೆ ಯಾರಿಗೂ ಕಾಣದು. ರಾತ್ರಿ ೧೦ರಿಂದ ಬೆಳಗಿನ ೬ರವರೆಗೆ ತೆರೆದ ಬಯಲಿನಲ್ಲಿ ಧ್ವನಿವರ್ಧಕಗಳಿಗೆ ನಿರ್ಬಂಧವಿದೆ ಎಂಬುದನ್ನೂ ನೆನಪಿನಲ್ಲಿಡಬೇಕು.

ವಿಧಿಗಳ ವಿಷಯದಲ್ಲಿ ಪಂಚಕಳಶದ ಪದ್ಧತಿಯೋ ವಚನ ಮಾಂಗಲ್ಯದ ಪದ್ಧತಿಯೋ ಎಂಬುದನ್ನು ಎರಡೂ ಮನೆಯವರು ತಮ್ಮ ತಮ್ಮ ಗುರುಗಳನ್ನು ಕೇಳಿ, ನಿಶ್ಚಯದ ದಿನವೇ ಇತ್ಯರ್ಥ ಮಾಡಿಕೊಳ್ಳಬೇಕು. ಹಸೆಯ ಮೇಲೆ ಕುಳಿತ ಮೇಲೆ ಚರ್ಚೆ ಹುಟ್ಟಿದರೆ ಅದಕ್ಕಿಂತ ದೊಡ್ಡ ಅಪಶಕುನ ಬೇರೊಂದಿಲ್ಲ.

ಮಳೆ ಬಂದರೆ, ಜನ ಹೆಚ್ಚಾದರೆ

ನಮ್ಮ ಸೀಮೆಯ ಮದುವೆಗಳು ಹೆಚ್ಚಾಗಿ ಸುಗ್ಗಿ ಮುಗಿದ ಮೇಲೆ, ಯುಗಾದಿಯ ನಂತರದ ಎರಡು ತಿಂಗಳುಗಳಲ್ಲಿ ನಡೆಯುತ್ತವೆ. ಅಡ್ಡಮಳೆಗಳೂ ಬರುವುದು ಆಗಲೇ. ಮಲೆನಾಡಿನ ಸೆರಗಿಗೆ ಹೊಂದಿದ ಹಾನಗಲ್ಲ, ಶಿಗ್ಗಾಂವಿಗಳಲ್ಲಿ ಮಧ್ಯಾಹ್ನದ ಬಿಸಿಲು ನೋಡನೋಡುತ್ತಲೇ ಸಂಜೆಯ ಬಿರುಗಾಳಿಯಾಗುತ್ತದೆ. ತೆಂಗಿನ ಗರಿಯ ಹಂದರ ಬಿಸಿಲನ್ನು ತಡೆದೀತು, ಗಾಳಿಯನ್ನು ತಡೆಯಲಾರದು. ಧಾರೆಯನ್ನು ಬೆಳಗಿನ ಹೊತ್ತಿಗೇ ಇರಿಸಿಕೊಳ್ಳುವುದು ಮೊದಲ ಉಪಾಯ. ಊರಿನ ಮಠದ ಪಡಸಾಲೆಯನ್ನೋ ಸಮುದಾಯ ಭವನವನ್ನೋ ಆ ದಿನಕ್ಕೆ ಕೇಳಿಟ್ಟುಕೊಳ್ಳುವುದು ಎರಡನೆಯದು. ಸ್ಥಳವನ್ನು ಬದಲಿಸುವ ನಿರ್ಣಯ ಯಾರದು ಎಂಬುದನ್ನು ಮೊದಲೇ ಗೊತ್ತುಮಾಡುವುದು ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಮೋಡ ಕವಿದಾಗ ಐವರು ಹಿರಿಯರು ಐದು ಮಾತನಾಡಿದರೆ ಅಕ್ಕಿಕಾಳು ನೆನೆಯುತ್ತವೆ, ಮುಹೂರ್ತ ಮೀರುತ್ತದೆ.

ಗಾಳಿ ಬೀಸಿದೊಡನೆ ವಿದ್ಯುತ್ತು ಹೋಗುವುದು ವಾಡಿಕೆ. ನೀರೆತ್ತುವ ಯಂತ್ರ ನಿಂತರೆ ಅಡಿಗೆಯೂ ನಿಲ್ಲುತ್ತದೆ. ಹಿಂದಿನ ದಿನವೇ ಹಂಡೆ, ಕೊಳಗಗಳಲ್ಲಿ ನೀರು ತುಂಬಿಸಿಡಿರಿ. ತೋರಿಕೆಗೆಂದು ತಂದ ಹಿತ್ತಾಳೆ-ತಾಮ್ರದ ಪಾತ್ರೆಗಳು ಆಗ ನಿಜವಾಗಿಯೂ ಕೆಲಸಕ್ಕೆ ಬರುತ್ತವೆ.

ಐನೂರು ಎಲೆಗೆ ಸಿದ್ಧರಾದಾಗ ಏಳುನೂರು ಜನ ಬಂದರೆ? ಇಲ್ಲಿ ನಮ್ಮ ಹಳೆಯ ಅಡಿಗೆಯ ಜಾಣ್ಮೆಯನ್ನು ನೆನೆಯಬೇಕು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡದು. ಶೇಂಗಾ ಚಟ್ನಿ, ಅಗಸಿ ಚಟ್ನಿ, ಕೆಂಪುಖಾರ, ಉಪ್ಪಿನಕಾಯಿಗಳೂ ಅಷ್ಟೇ. ಓಣಿಯ ತಾಯಂದಿರೆಲ್ಲ ಕೂಡಿ ಹತ್ತು ದಿನ ಮೊದಲೇ ರೊಟ್ಟಿ ಬಡಿದು ಬುಟ್ಟಿ ತುಂಬಿಟ್ಟರೆ, ಎಷ್ಟೇ ಜನ ಬಂದರೂ ಹಸಿದು ಹೋಗುವ ಭಯವಿಲ್ಲ. ಗೋಧಿ ಹುಗ್ಗಿಯನ್ನು ಬೆಲ್ಲ, ಹಾಲು ಸೇರಿಸಿ ಹಿಗ್ಗಿಸಬಹುದು. ಎಣಿಸಿ ಮಾಡಿದ ಪಟ್ಟಣದ ಸಿಹಿಯನ್ನು ಹಿಗ್ಗಿಸಲಾಗದು. ಊಟದ ಕೊನೆಗೆ ಸವಣೂರಿನ ವೀಳ್ಯದೆಲೆ ಬೇಕೆನ್ನುವವರು ಎಲೆಯನ್ನು ಹಿಂದಿನ ದಿನವೇ ತಂದು ತೇವದ ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿಡಲಿ.

ಯಾರೂ ನೆನೆಯದ ಅಡ್ಡಿಗಳು

ಕೆಲವು ಅಡ್ಡಿಗಳು ಮೋಡದಂತೆ ಮುನ್ಸೂಚನೆ ಕೊಡುವುದಿಲ್ಲ. ೨೦೧೬ರ ನವೆಂಬರ್ ೮ರ ರಾತ್ರಿ ೫೦೦ ಮತ್ತು ೧೦೦೦ ರೂಪಾಯಿಗಳ ನೋಟುಗಳು ರದ್ದಾದಾಗ, ತುಳಸಿ ಲಗ್ನದ ನಂತರದ ಮದುವೆಗಳಿಗಾಗಿ ಹಣ ಕೂಡಿಸಿಟ್ಟವರು ದಿಗ್ಭ್ರಾಂತರಾದರು. ಮದುವೆಗೆಂದು ಬ್ಯಾಂಕಿನ ಖಾತೆಯಿಂದ ಎರಡೂವರೆ ಲಕ್ಷದವರೆಗೆ ತೆಗೆಯಲು ಸರಕಾರ ಅನುಮತಿ ಕೊಟ್ಟದ್ದು ಕೆಲವು ದಿನಗಳ ನಂತರ. ೨೦೨೦ರಲ್ಲಿ ದೇಶವೇ ಬಾಗಿಲು ಹಾಕಿದ್ದು ಮಾರ್ಚ್ ೨೫ರಂದು. ಅದು ಯುಗಾದಿಯ ದಿನ. ಆ ಬೇಸಿಗೆಯಲ್ಲಿ ಮದುವೆಗಳು ಐವತ್ತೇ ಜನರ ಮಿತಿಯೊಳಗೆ ನಡೆಯಬೇಕಾಯಿತು. ೨೦೨೪ರಲ್ಲಿ ನಮ್ಮ ಜಿಲ್ಲೆಯಲ್ಲಿ ಲೋಕಸಭೆಯ ಮತದಾನ ಮೇ ೭ಕ್ಕೆ, ಬಸವ ಜಯಂತಿ ಮೇ ೧೦ಕ್ಕೆ ಬಂದವು. ಚುನಾವಣೆಯ ನೀತಿಸಂಹಿತೆ ಇರುವಾಗ ಐವತ್ತು ಸಾವಿರಕ್ಕಿಂತ ಹೆಚ್ಚಿನ ನಗದನ್ನು ದಾಖಲೆಯಿಲ್ಲದೆ ಒಯ್ದರೆ ತಪಾಸಣೆಯವರು ವಶಪಡಿಸಿಕೊಳ್ಳಬಹುದು. ಅದೇ ವರ್ಷದ ನವೆಂಬರ್ ೧೩ರಂದು ಶಿಗ್ಗಾಂವಿಯಲ್ಲಿ ಮತ್ತೆ ಉಪಚುನಾವಣೆಯೂ ನಡೆಯಿತು.

ಇವುಗಳಿಂದ ಕಲಿಯಬೇಕಾದ ಪಾಠಗಳು ಸರಳ. ಹಣವನ್ನೆಲ್ಲ ನಗದಾಗಿಯೇ ಇಡಬಾರದು; ಲಗ್ನಪತ್ರಿಕೆಯ ಪ್ರತಿಯೂ ಖರೀದಿಯ ಪಾವತಿಗಳೂ ಕೈಯಲ್ಲಿರಬೇಕು; ಒಟ್ಟು ವೆಚ್ಚದ ಹತ್ತರಲ್ಲೊಂದು ಪಾಲನ್ನು ಅನಿರೀಕ್ಷಿತಕ್ಕೆಂದು ತೆಗೆದಿಡಬೇಕು. ಎಲ್ಲಕ್ಕೂ ಮಿಗಿಲಾಗಿ, ‘ಐವತ್ತೇ ಜನರೊಡನೆ ಮದುವೆಯಾಗಬೇಕಾದರೆ ಯಾರನ್ನು ಕರೆಯುತ್ತೇವೆ?’ ಎಂದು ಒಮ್ಮೆ ಬರೆದು ನೋಡಿರಿ. ಆ ಪಟ್ಟಿಯೇ ನಿಮ್ಮ ನಿಜವಾದ ಬಳಗ.

ಸೂತಕದ ಭಯ

ಕೊನೆಯ ಗಳಿಗೆಯ ಅಡ್ಡಿಗಳಲ್ಲಿ ತಾಯಂದಿರನ್ನು ಹೆಚ್ಚು ಕಂಗೆಡಿಸುವುದು ಮಳೆಯಲ್ಲ, ಸೂತಕ. ಮದುವೆಗೆ ಎರಡು ದಿನವಿರುವಾಗ ಮನೆತನದ ಹಿರಿಯರೊಬ್ಬರು ಲಿಂಗೈಕ್ಯರಾದರೆ ಏನು ಮಾಡಬೇಕು? ಧಾರೆಯ ದಿನವೇ ಮದುಮಗಳು ಮುಟ್ಟಾದರೆ? ಈ ಎರಡನೆಯ ಭಯದಿಂದ ವೈದ್ಯರನ್ನು ಕೇಳದೆ ಗುಳಿಗೆ ನುಂಗಿಸುವ ಮನೆಗಳೂ ಉಂಟು. ಯಾರಿಗೂ ಹೇಳಲಾರದೆ ಹಸೆಯ ಮೇಲೆ ನಡುಗುತ್ತ ಕುಳಿತ ಹೆಣ್ಣುಮಕ್ಕಳೂ ಉಂಟು.

ಇಲ್ಲಿ ನಮ್ಮ ಧರ್ಮವೇ ನಮಗೆ ದಾರಿ ತೋರಿಸಿದೆ. ಜಾತಿ, ಜನನ, ಮರಣ, ರಜಸ್ಸು, ಉಚ್ಛಿಷ್ಟ ಎಂಬ ಐದು ಸೂತಕಗಳೂ ಲಿಂಗವಂತರಿಗಿಲ್ಲ ಎಂಬುದು ಶರಣರ ನಿರ್ಣಯ. ಅಂಗದ ಮೇಲೆ ಲಿಂಗವಿರುವ ಹೆಣ್ಣುಮಗಳಿಗೆ ಪ್ರಕೃತಿಸಹಜವಾದ ಸ್ಥಿತಿಯೊಂದು ಮೈಲಿಗೆಯಾಗಲಾರದು. ತಾಯಿಯಾದವಳು ಮದುವೆಗೆ ಮುಂಚೆಯೇ ಮಗಳನ್ನು ಕೂಡಿಸಿಕೊಂಡು, ‘ಹಾಗಾದರೆ ಹೆದರಬೇಡ ಮಗಳೆ, ಮದುವೆ ನಿಲ್ಲುವುದಿಲ್ಲ’ ಎಂದು ಹೇಳಿದರೆ ಆ ಮಾತು ಯಾವ ಆಭರಣಕ್ಕಿಂತಲೂ ಕಡಿಮೆಯದಲ್ಲ. ಹಿರಿಯರು ಲಿಂಗೈಕ್ಯರಾದ ಸಂದರ್ಭದಲ್ಲಿಯೂ ಗುರುಗಳನ್ನೂ ಬೀಗರನ್ನೂ ಕೂಡಿಸಿ ವಿಚಾರಿಸಿರಿ. ಮೆರವಣಿಗೆಯನ್ನು ಬಿಡಬಹುದು, ವಾದ್ಯವನ್ನು ಬಿಡಬಹುದು, ದುಃಖವನ್ನು ಗೌರವಿಸಬಹುದು. ಮದುವೆಯನ್ನು ಮುರಿಯಬೇಕಾದ ಕಾರಣವಿಲ್ಲ. ‘ಹುಡುಗಿಯ ಕಾಲ್ಗುಣ’ ಎಂಬ ಕ್ರೂರವಾದ ಮಾತು ಯಾರ ಬಾಯಿಂದಲೂ ಹೊರಡದಂತೆ ಹಿರಿಯರು ನೋಡಿಕೊಳ್ಳಬೇಕು.

ಹಳೆಯದರಲ್ಲಿ ಬಿಡಬೇಕಾದದ್ದು

ಹಳೆಯದೆಲ್ಲವೂ ಹೊನ್ನಲ್ಲ. ಅಮ್ಮನ ಸೀರೆ ಬೇಕು. ಅಮ್ಮ ಹಸೆಗೆ ಏರಿದ ಎಳೆಯ ವಯಸ್ಸು ಬೇಡ. ಹೆಣ್ಣಿಗೆ ೧೮, ಗಂಡಿಗೆ ೨೧ ತುಂಬಿರಲೇಬೇಕೆಂಬುದು ಕಾಯಿದೆ. ಮದುವೆಯನ್ನು ನೋಂದಣಿ ಮಾಡಿಸುವುದನ್ನೂ ಮರೆಯಬಾರದು. ಇನ್ನು ವರದಕ್ಷಿಣೆ. ೧೯೬೧ರಿಂದಲೂ ಅದನ್ನು ಕೊಡುವುದೂ ಕೊಳ್ಳುವುದೂ ಎರಡೂ ಅಪರಾಧ. ಆದರೂ ಅಕ್ಕಿಕಾಳು ಬೀಳುವ ಮುನ್ನ ‘ಇನ್ನೊಂದು ಮಾತು’ ಎಂದು ಬೀಗರು ಕರೆಯುವ ಸಂಭವವುಂಟು. ಎಲ್ಲ ಅನಿರೀಕ್ಷಿತಗಳಲ್ಲಿ ಮಣಿಯಬಾರದ್ದು ಇದೊಂದಕ್ಕೇ. ಮಳೆಗೆ ಹಂದರವನ್ನು ಬದಲಿಸಬಹುದು, ಜನಕ್ಕೆ ಹುಗ್ಗಿಯನ್ನು ಹಿಗ್ಗಿಸಬಹುದು. ಆದರೆ ಮಗಳ ಬೆಲೆಯನ್ನು ಹಂದರದ ಮೂಲೆಯಲ್ಲಿ ನಿಂತು ಮಾತನಾಡಲಾಗದು. ಅಂಥ ಗಳಿಗೆಯಲ್ಲಿ ಹುಡುಗಿಯ ತಂದೆ ಒಬ್ಬಂಟಿಯಾಗದಂತೆ ಗುರುಗಳೂ ದೈವದವರೂ ಅವನ ಪಕ್ಕಕ್ಕೆ ನಿಲ್ಲಬೇಕು. ಮುಯ್ಯಿ ಎಂಬುದರ ಅತ್ಯುನ್ನತ ರೂಪ ಇದೇ.

ದುಗ್ಗಳೆಯ ಪಾಯಸ

ಜೇಡರ ದಾಸಿಮಯ್ಯನವರ ಮದುವೆಯ ಐತಿಹ್ಯ ನಮ್ಮ ಮನೆಗಳಲ್ಲಿ ಚಿರಪರಿಚಿತ. ಮರಳು ಬೆರೆತ ಅಕ್ಕಿಯನ್ನೂ ಕಬ್ಬನ್ನೂ ಹಿಡಿದು ಹೊರಟ ಅವರು, ನೀರು-ಸೌದೆಗಳಿಲ್ಲದೆ ಇದರಿಂದ ಪಾಯಸ ಮಾಡಬಲ್ಲ ಕನ್ಯೆಯನ್ನು ಅರಸಿದರಂತೆ. ದುಗ್ಗಳೆ ಅಕ್ಕಿಯಿಂದ ಮರಳನ್ನು ಬೇರ್ಪಡಿಸಿದಳು, ಕಬ್ಬನ್ನು ಹಿಂಡಿ ರಸ ತೆಗೆದಳು, ಸಿಪ್ಪೆಯನ್ನು ಒಣಗಿಸಿ ಒಲೆಗೆ ಉರುವಲು ಮಾಡಿದಳು, ಪಾಯಸ ಸಿದ್ಧವಾಯಿತು. ಇಲ್ಲದ್ದಕ್ಕಾಗಿ ಅವಳು ಹಲುಬಲಿಲ್ಲ, ಇದ್ದದ್ದರಲ್ಲಿಯೇ ಎಲ್ಲವನ್ನೂ ಕಂಡುಕೊಂಡಳು.

ಹಳೆಯ ಪದ್ಧತಿಯ ಮದುವೆಯನ್ನು ಬಯಸುವ ನಮ್ಮ ಮಕ್ಕಳಿಗೆ ಇದಕ್ಕಿಂತ ಹಳೆಯದಾದ, ಇದಕ್ಕಿಂತ ಉಪಯುಕ್ತವಾದ ಮಾದರಿ ಬೇಕಿಲ್ಲ. ಸಿದ್ಧತೆ ಅಚ್ಚುಕಟ್ಟಾಗಿರಲಿ, ಹೊಣೆ ಹಂಚಿರಲಿ, ಮನಸ್ಸು ಹಗುರವಾಗಿರಲಿ. ಬಂಡಿ ಬಾರದಿದ್ದರೂ ಹಂದರ ನೆನೆದರೂ, ಹಸೆಯ ಮೇಲಿನ ಎರಡು ಜೀವಗಳ ಸುತ್ತ ಅಕ್ಕಿಕಾಳು ಹಿಡಿದು ನಿಂತ ಹತ್ತು ಜನ ಆತ್ಮೀಯರಿದ್ದರೆ ಮದುವೆ ಸಾಂಗವಾಗಿಯೇ ನೆರವೇರುತ್ತದೆ.