ಮರಳುಗಾಡಿನಲ್ಲೂ ಸೋರುವ ಸನ್‌ರೂಫ್



ವರ್ಷಕ್ಕೆ ಸುಮಾರು 75 ಮಿಲಿಮೀಟರ್ ಮಳೆ ಕಾಣುವ ದೇಶ ನಾವಿರುವ ಈ ಕತಾರ್. ಮಳೆಗಾಲದ ಆಗುಂಬೆಯಲ್ಲಿ ಅಷ್ಟು ಮಳೆ ಒಂದೇ ದಿನಕ್ಕೆ ಸುರಿದುಬಿಡುತ್ತದೆ! ಇಂಥ ಊರಿನಲ್ಲಿ ಕಾರಿನ ಛಾವಣಿ ಸೋರಿತು ಎಂದು ಅಪ್ಪ-ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ತಮಾಷೆ ಮಾಡುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಆದರೆ ಇಲ್ಲಿ ಸನ್‌ರೂಫ್ ಸೋರುವುದೇ ಮಳೆ ಕಡಿಮೆ ಇರುವುದರಿಂದ. ಅದು ಹೇಗೆ ಅಂತೀರಾ? ಮುಂದೆ ಓದಿ.

ನಮ್ಮ ಮನೆ ಇರುವುದು ಐನ್ ಖಾಲಿದ್‌ನಲ್ಲಿ. ಅರಬ್ಬಿಯಲ್ಲಿ 'ಐನ್' ಎಂದರೆ ಕಣ್ಣು, ನೀರಿನ ಬುಗ್ಗೆ ಎಂಬ ಅರ್ಥವೂ ಉಂಟು. ಕಳೆದ ಚಳಿಗಾಲದ ಮೊದಲ ಮಳೆಗೆ ಆ ಬುಗ್ಗೆ ನಮ್ಮ ಕಾರಿನೊಳಗೇ ಎದ್ದಿತು! ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ದೊಡ್ಡ ಎಸ್‌ಯುವಿ, ತಲೆಯ ಮೇಲೆ ಅಗಲವಾದ ಗಾಜಿನ ಛಾವಣಿ. ಮಗಳನ್ನು ಶಾಲೆಗೆ ಬಿಡಲು ಹೊರಟ ನನ್ನವಳು, "ರೀ, ಕಾರಿನಲ್ಲಿ ಒದ್ದೆ ಗೋಣಿಚೀಲದ ವಾಸನೆ ಬರ್ತಿದೆ, ನೋಡಿ" ಎಂದಳು. ಡ್ರೈವರ್ ಕಾಲ ಬಳಿಯ ಮ್ಯಾಟ್ ಎತ್ತಿದರೆ ಕೆಳಗಿನ ಕಾರ್ಪೆಟ್ ನೀರು ಕುಡಿದ ಸ್ಪಂಜಿನಂತಾಗಿತ್ತು. ಗ್ಯಾರೇಜೊಂದರಲ್ಲಿ ತೋರಿಸಿದಾಗ, ಕಾರಿನ ಒಳಗೆ ಇಣುಕಿಯೂ ನೋಡದೆ, "ಸನ್‌ರೂಫಿನ ರಬ್ಬರ್ ಹೋಗಿದೆ, ಇಡೀ ಸೆಟ್ ಬದಲಿಸಬೇಕು" ಎಂದರು. ಹೇಳಿದ ಮೊತ್ತದಲ್ಲಿ ಮೂವರೂ ಊರಿಗೆ ಹೋಗಿ ಬರಬಹುದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಇದು ಹಾಗೆಯೇ. ಕೆಟ್ಟದ್ದೇನು ಎಂದು ಗೊತ್ತಾಗದೆ ಯಾವುದನ್ನೂ ಬದಲಿಸಬಾರದು ಎನ್ನುವುದು ನಾವು ಸಾಫ್ಟ್‌ವೇರ್‌ನವರು ಕಲಿತ ಮೊದಲ ಪಾಠ. ಕಾರಿಗೂ ಅದು ಅನ್ವಯಿಸುತ್ತದೆ.

ಬಹಳ ಜನಕ್ಕೆ ತಿಳಿಯದ ವಿಷಯವೆಂದರೆ, ಸನ್‌ರೂಫಿನ ರಬ್ಬರ್ ನೀರನ್ನು ಪೂರ್ತಿ ತಡೆಯಲೆಂದು ಮಾಡಿದ್ದೇ ಅಲ್ಲ. ನಮ್ಮ ಕಡೆಯ ತೊಟ್ಟಿಮನೆಯನ್ನು ನೆನೆಸಿಕೊಳ್ಳಿ. ನಡುವಿನ ತೊಟ್ಟಿಗೆ ಮಳೆ ಬೀಳುತ್ತದೆ, ಬಿದ್ದ ನೀರು ತೂಬಿನಿಂದ ಹೊರಗೆ ಹರಿಯುತ್ತದೆ, ಸುತ್ತಲಿನ ಪಡಸಾಲೆ ಒಣಗಿರುತ್ತದೆ. ತೂಬು ಕಟ್ಟಿದರೆ ಮಾತ್ರ ನೀರು ಪಡಸಾಲೆಗೆ ಏರುತ್ತದೆ. ಸನ್‌ರೂಫೂ ಹಾಗೆಯೇ. ರಬ್ಬರ್ ದಾಟಿ ಬಂದ ನೀರು ಗಾಜಿನ ಸುತ್ತ ಇರುವ ಕಾಲುವೆಗೆ ಇಳಿಯುತ್ತದೆ. ಕಾಲುವೆಯ ಮೂಲೆಗಳಿಂದ, ಸಾಮಾನ್ಯವಾಗಿ ನಾಲ್ಕು, ಬೆರಳಿಗಿಂತ ಸಣ್ಣ ಪೈಪುಗಳು ಹೊರಡುತ್ತವೆ. ಮುಂದಿನ ಎರಡು ಮುಂಗಾಜಿನ ಪಕ್ಕದ ಕಂಬದೊಳಗೆ ಇಳಿದು ಮುಂಬಾಗಿಲಿನ ಆಸುಪಾಸಿನಲ್ಲಿ, ಹಿಂದಿನ ಎರಡು ಹಿಂಗಂಬದೊಳಗೆ ಇಳಿದು ಹಿಂಚಕ್ರದ ಆಸುಪಾಸಿನಲ್ಲಿ ನೀರನ್ನು ಹೊರಗೆ ಬಿಡುತ್ತವೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಊರಿನಲ್ಲಿ ಮೇಲಿಂದ ಮೇಲೆ ಬರುವ ಮಳೆ ಈ ಪೈಪುಗಳನ್ನು ತಾನೇ ತೊಳೆಯುತ್ತಿರುತ್ತದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವುದೆಲ್ಲ ಧೂಳು. ಅದಕ್ಕೆ ಬೇಸಿಗೆಯ ರಾತ್ರಿಯ ತೇವ, ಕಾರು ತೊಳೆದ ನೀರು ಸೇರಿ ಪೈಪಿನ ಬಾಯಲ್ಲಿ ಸಿಮೆಂಟಿನಂತೆ ಕಚ್ಚಿಕೊಳ್ಳುತ್ತದೆ. ಆಮೇಲೆ ಬರುವ ಮಳೆಯೋ, ಬಂದರೆ ಒಮ್ಮೆಗೇ. 2018ರ ಅಕ್ಟೋಬರ್ 20ರ ಶನಿವಾರ ದೋಹಾದಲ್ಲಿದ್ದವರಿಗೆ ನೆನಪಿರಬೇಕು, ಹೆಚ್ಚುಕಡಿಮೆ ಒಂದು ವರ್ಷದ ಮಳೆ ಅಂದು ಒಂದೇ ದಿನಕ್ಕೆ ಬಿದ್ದಿತ್ತು.

ಕಾರಿನೊಳಗೆ ನೀರು ಕಂಡ ಮಾತ್ರಕ್ಕೆ ಸನ್‌ರೂಫನ್ನೇ ದೂರಬೇಡಿ. ಮಳೆಯಿಲ್ಲದ ಆಗಸ್ಟ್‌ನಲ್ಲಿ ಪಕ್ಕದ ಸೀಟಿನವರ ಕಾಲ ಬಳಿ ಒದ್ದೆಯಾದರೆ ಅದು ಬಹುಪಾಲು ಎಸಿ ನೀರು. ಎಸಿ ಓಡುವಾಗ ಕಾರಿನ ಕೆಳಗೆ ತೊಟ್ಟಿಕ್ಕಬೇಕಾದ ನೀರು ಅದರ ಪೈಪು ಕಟ್ಟಿದಾಗ ಒಳಗೇ ಇಳಿಯುತ್ತದೆ. ನೀರಿಗೆ ಬಣ್ಣ, ಜಿಗುಟು, ಸಿಹಿ ವಾಸನೆ ಇದ್ದರೆ ಅದು ಕೂಲಂಟ್, ಕೂಡಲೇ ಮೆಕ್ಯಾನಿಕ್ ಬಳಿ ಹೋಗಿ. ಮಳೆ ಬಂದ ಮೇಲೆ ಅಥವಾ ಕಾರು ತೊಳೆಸಿದ ಮೇಲೆ ಮಾತ್ರ ಒದ್ದೆ, ಜೊತೆಗೆ ಒಳಛಾವಣಿಯ ಬಟ್ಟೆಯ ಅಂಚಿನಲ್ಲಿ ಕಂದು ಕಲೆ, ಬ್ರೇಕ್ ಹಾಕಿದಾಗ ಮೇಲಿನ ಲೈಟಿನ ಬಳಿಯಿಂದ ನೀರು... ಇವೆಲ್ಲ ಸನ್‌ರೂಫಿನ ಲಕ್ಷಣ.

ಪರೀಕ್ಷೆಗೆ ಬೇಕಾದ್ದು ಒಂದು ಲೋಟ ನೀರು. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಸನ್‌ರೂಫ್ ತೆರೆದು, ಕಾಲುವೆಯ ಒಂದು ಮೂಲೆಗೆ ನಿಧಾನವಾಗಿ ಸ್ವಲ್ಪ ನೀರು ಹಾಕಿ. ಮನೆಯವರೊಬ್ಬರು ಕೆಳಗೆ ನೋಡುತ್ತಿರಲಿ. ಅದೇ ಮೂಲೆಯ ಚಕ್ರದ ಬಳಿ ನೀರು ಸರಾಗವಾಗಿ ಇಳಿದರೆ ಆ ಪೈಪು ಸರಿಯಿದೆ. ನೀರು ಕಾಲುವೆಯಲ್ಲೇ ನಿಂತರೆ ಪೈಪು ಕಟ್ಟಿದೆ. ನೀರು ಮೇಲಿಂದ ಮಾಯವಾಗಿ ಕೆಳಗೆ ಬರಲಿಲ್ಲವೇ? ಪೈಪು ಒಳಗೆಲ್ಲೋ ಕಳಚಿದೆ, ಅಲ್ಲಿಗೆ ನಿಲ್ಲಿಸಿಬಿಡಿ. ಹೀಗೆ ಒಂದೊಂದೇ ಮೂಲೆ ನೋಡಿ, ನಾಲ್ಕಕ್ಕೂ ಒಟ್ಟಿಗೆ ಸುರಿದರೆ ಏನೂ ತಿಳಿಯುವುದಿಲ್ಲ. ನಮ್ಮ ಕಾರಿನಲ್ಲಿ ಮೂರು ಸರಿಯಿದ್ದವು, ಮುಂದಿನ ಎಡಮೂಲೆಯಲ್ಲಿ ನೀರು ಕದಲಲೇ ಇಲ್ಲ.

ಬಿಡಿಸಲು ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ದಪ್ಪ ನೈಲಾನ್ ದಾರ ಸಾಕು. ತುದಿಯನ್ನು ಬೆಂಕಿಗೆ ಹಿಡಿದು ಉರುಟು ಮಾಡಿಕೊಂಡು, ಬಲ ಹಾಕದೆ ಮೆಲ್ಲಗೆ ಆಡಿಸುತ್ತ ಇಳಿಸಬೇಕು. ಕಬ್ಬಿಣದ ತಂತಿ ಬೇಡ, ಪೈಪು ತೂತಾಗುತ್ತದೆ. ಪೆಟ್ರೋಲ್ ಬಂಕಿನ ಗಾಳಿಯನ್ನು ಜೋರಾಗಿ ಊದುವುದೂ ಬೇಡ, ಕಂಬದೊಳಗೆ ಪೈಪು ಕಳಚಿಕೊಂಡರೆ ಕಷ್ಟ ಇಮ್ಮಡಿ. ನಮ್ಮದರಲ್ಲಿ ಅರ್ಧ ಗಂಟೆ ಆಡಿಸಿದ ಮೇಲೆ ಕಾಫಿ ಬಣ್ಣದ ರಾಡಿ ಇಳಿಯಿತು, ಹಿಂದೆಯೇ ತಿಳಿನೀರು. ಖರ್ಚು, ಆ ದಾರದ್ದು ಮಾತ್ರ! ಕೊನೆಗೆ ಕಾಲುವೆಯನ್ನೂ ರಬ್ಬರನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ರಬ್ಬರಿಗೆ ಸಿಲಿಕೋನ್ ಲೂಬ್ರಿಕೆಂಟ್ ಸವರಿ. ಪೆಟ್ರೋಲಿಯಂ ಗ್ರೀಸ್ ಹಚ್ಚಿದರೆ ರಬ್ಬರ್ ಕೆಡಬಹುದು.

ನಾವು ಕೈ ಹಾಕಬಾರದ ಕೆಲಸವೂ ಇದೆ. ಕಂಬದ ಮುಚ್ಚಳ ಕೀಳಬೇಕಾಗಿ ಬಂದರೆ, ಕಾಲುವೆಯ ಪ್ಲಾಸ್ಟಿಕ್ಕೇ ಬಿರುಕು ಬಿಟ್ಟಿದ್ದರೆ, ಪರಿಣತರಿಗೇ ಬಿಡಿ. ಆ ಜಾಗದಲ್ಲಿ ತಲೆ ಕಾಯುವ ಕರ್ಟನ್ ಏರ್‌ಬ್ಯಾಗ್ ಇರುತ್ತದೆ.

ಸೋರಿಕೆ ನಿಂತಿತೆಂದು ಸುಮ್ಮನಾಗುವ ಹಾಗಿಲ್ಲ. ಕಾರ್ಪೆಟ್ಟಿನ ಮೇಲ್ಭಾಗ ಬೇಗ ಒಣಗಿದರೂ ಅಡಿಯ ದಪ್ಪ ಫೋಮ್ ವಾರಗಟ್ಟಲೆ ನೀರು ಹಿಡಿದಿರುತ್ತದೆ. ಅಲ್ಲಿ ಬೂಷ್ಟು ಬೆಳೆದರೆ ಅದರ ಗಾಳಿಯನ್ನು ಮಕ್ಕಳು ದಿನಾ ಉಸಿರಾಡಬೇಕಾಗುತ್ತದೆ, ಅಸ್ತಮಾ ಇರುವವರಿಗಂತೂ ಅದು ಆಗದು. ದುಬಾರಿ ಗಾಡಿಗಳಲ್ಲಿ ಹಲವು ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಸೀಟಿನ ಕೆಳಗೆ, ಕಾರ್ಪೆಟ್ಟಿನ ಅಡಿಯಲ್ಲೇ ಕೂತಿರುತ್ತವೆ. ತೇವ ತಗುಲಿದರೆ ಲಾಕ್, ಕಿಟಕಿ, ವಾರ್ನಿಂಗ್ ಲೈಟು ಎಲ್ಲ ಹುಚ್ಚಾಟ ಶುರು. 2018ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಲಕ್ಷಾಂತರ ಟಿಗ್ವಾನ್, ಟೂರಾನ್ ಕಾರುಗಳನ್ನು ಹಿಂದಕ್ಕೆ ಕರೆಸಿದ್ದು ಏಕೆ ಗೊತ್ತೇ? ಗಾಜಿನ ಛಾವಣಿಯ ಎಲ್‌ಇಡಿ ದೀಪಪಟ್ಟಿಗೆ ತೇವ ತಗುಲಿ ಶಾರ್ಟ್ ಸರ್ಕ್ಯೂಟ್ ಆಗುವ ಅಪಾಯವಿತ್ತೆಂದು. ಆದ್ದರಿಂದ ಕಾರ್ಪೆಟ್ ಎತ್ತಿಸಿ, ಫೋಮ್ ಒಣಗಿಸಿ. ಒಣಗಿಸಲು ಈ ದೇಶದ ಬಿಸಿಲಿಗಿಂತ ಬೇರೆ ಯಂತ್ರ ಬೇಕೇ!

ನಮ್ಮಲ್ಲಿ ಅನೇಕರು ಇಲ್ಲಿಂದ ಹೊರಡುವ ಕುಟುಂಬಗಳ ಕಾರು ಕೊಳ್ಳುತ್ತೇವೆ. ಎಂಜಿನ್ ನೋಡುತ್ತೇವೆ, ಟೈರ್ ನೋಡುತ್ತೇವೆ. ಇನ್ನು ಮೇಲೆ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿಯೂ ನೋಡಿ, ಮಾರುವವರನ್ನು ಕೇಳಿ ಆ ಒಂದು ಲೋಟ ನೀರಿನ ಪರೀಕ್ಷೆ ಮಾಡಿ. ಕಾರು ಈಗಾಗಲೇ ಇರುವವರು ಪ್ರತಿ ಸೆಪ್ಟೆಂಬರ್ ಕೊನೆಯ ಶುಕ್ರವಾರ, ತಿಂಡಿ ಮುಗಿಸಿ, ಹತ್ತು ನಿಮಿಷ ಇದಕ್ಕೆ ಕೊಡಿ. ಬಾಯಾರಿದಾಗ ಬಾವಿ ತೋಡಬಾರದು ಎನ್ನುತ್ತಾರೆ ಹಿರಿಯರು. ಮಳೆ ಬಂದಾಗ ತೂಬು ಹುಡುಕುವುದೂ ಅಷ್ಟೇ ತಡ.