ಬೇಸಿಗೆಯ ಚಳಿಯಲ್ಲಿ ಸೌದೆ ಒಲೆ

ಮೇ ತಿಂಗಳು. ಬಿಸಿಲು ಕಾಯಬೇಕಾದ ಹೊತ್ತಿನಲ್ಲಿ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿದು, ಮಲೆನಾಡಿನಲ್ಲಿ ಎರಡು ಮೂರು ದಿನ ಮೋಡ, ಮಳೆ, ಶೀತಗಾಳಿ. 2021ರ ಮೇ ತಿಂಗಳ ನಡುವೆ ‘ತೌಕ್ತೆ’ ಚಂಡಮಾರುತ ಬಂದಾಗಲೂ ಹೀಗೆಯೇ ಆಯಿತು. ವಾರಗಟ್ಟಲೆ ಮುಟ್ಟದಿದ್ದ ಸೌದೆ ಒಲೆಗೆ ನೀವು ಬೆಂಕಿ ಹಾಕುತ್ತೀರಿ. ಹೊಗೆಯೆಲ್ಲ ಮನೆಯೊಳಗೇ ತುಂಬುತ್ತದೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಒಲೆಗೆ ಈಗೇನಾಯಿತು?

ಒಲೆಗೆ ಏನೂ ಆಗಿಲ್ಲ. ಹೊಗೆಕೊಳವೆ ತಾನಾಗಿ ಹೊಗೆಯನ್ನು ಎಳೆಯುವುದಿಲ್ಲ. ಕೊಳವೆಯೊಳಗಿನ ಬಿಸಿಗಾಳಿ ಹೊರಗಿನ ಗಾಳಿಗಿಂತ ಹಗುರ. ಆ ವ್ಯತ್ಯಾಸವೇ ಎಳೆತ. ಮೂರು ಮೀಟರ್ ಎತ್ತರದ ಕೊಳವೆಯಲ್ಲಿ 150 ಡಿಗ್ರಿ ಸೆಲ್ಸಿಯಸ್ ಬಿಸಿಯ ಹೊಗೆ, ಹೊರಗೆ 20 ಡಿಗ್ರಿಯ ಗಾಳಿ ಇದ್ದರೂ ಈ ಎಳೆತ ಸುಮಾರು ಒಂದು ಮಿಲಿಮೀಟರ್ ಎತ್ತರದ ನೀರಿನ ಒತ್ತಡದಷ್ಟು ಮಾತ್ರ. ಬಹುದಿನ ಉರಿಯದ ಕೊಳವೆಯಲ್ಲಿ ಅಷ್ಟೂ ಇರುವುದಿಲ್ಲ. ಅಲ್ಲಿ ತಂಪುಗಾಳಿ ಬಿರಡೆಯಂತೆ ಕುಳಿತಿರುತ್ತದೆ. ಮಳೆಗಾಲದಲ್ಲಿ ಒಲೆ ದಿನವೂ ಉರಿಯುವುದರಿಂದ ಕೊಳವೆಯ ಗೋಡೆ ಪೂರ್ತಿ ತಣಿಯುವುದೇ ಇಲ್ಲ.

ಆದ್ದರಿಂದ ಮೊದಲು ಕೊಳವೆಯನ್ನು ಬಿಸಿ ಮಾಡಿ. ಒಣಗಿದ ತೆಂಗಿನ ಗರಿಯನ್ನೋ ಹಳೆಯ ಪತ್ರಿಕೆಯನ್ನೋ ಕೊಳವೆಯ ಬುಡದ ಹತ್ತಿರ ಒಂದೆರಡು ನಿಮಿಷ ಜೋರಾಗಿ ಉರಿಸಿ, ಅನಂತರ ಸಣ್ಣ ಸೌದೆ ಇಡಿ. ಅದಕ್ಕೂ ಮುಂಚೆ ಕೊಳವೆಯೊಳಗೆ ಮಸಿ ಕಟ್ಟಿದೆಯೇ, ಕಣಜ ಗೂಡು ಮಾಡಿದೆಯೇ ನೋಡಿಕೊಳ್ಳಿ. ಅಡುಗೆಮನೆಯ ಒಂದು ಕಿಟಕಿ ತೆರೆದಿರಲಿ; ಒಳಗೆ ಗಾಳಿ ಬಾರದೆ ಹೊಗೆ ಹೊರಗೆ ಹೋಗದು.

ಇನ್ನೊಂದು ಅಪರಾಧಿ ಸೌದೆ. ಮಳೆಗಾಲಕ್ಕೆಂದು ಅಂಗಳದಲ್ಲಿ ಒಣಹಾಕಿದ್ದು ಅಕಾಲದ ಮಳೆಗೆ ನೆನೆದಿರುತ್ತದೆ. ಒಂದು ಕಿಲೋ ನೀರನ್ನು 20 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು 80 ಕಿಲೋಕ್ಯಾಲರಿ ಸಾಕು. ಅದನ್ನು ಆವಿ ಮಾಡಲು ಮತ್ತೆ ಸುಮಾರು 540 ಬೇಕು. ಹಂಡೆಗೆ ಸೇರಬೇಕಾದ ಶಾಖ ಸೌದೆಯ ನೀರಿಗೇ ಹೋಗುತ್ತದೆ.

ಹೊಗೆಯಾದರೂ ಕಣ್ಣು ಉರಿಸಿ ಎಚ್ಚರಿಸುತ್ತದೆ. ನನಗೆ ಹೆಚ್ಚು ಭಯ ಅಗ್ಗಿಷ್ಟಿಕೆಯದು. ಚಳಿಯೆಂದು ಬಾಣಂತಿಯ ಕೋಣೆಯಲ್ಲಿ ಕೆಂಡ ಇಟ್ಟು, ಗಾಳಿ ತಾಗದಿರಲೆಂದು ಕಿಟಕಿ ಬಾಗಿಲು ಭದ್ರಪಡಿಸುತ್ತೇವೆ. ಕೆಂಡದಿಂದ ಹೊರಡುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ (ನಮ್ಮ ಕ್ಯಾಮೆರಾಕ್ಕೂ ಸಿಗದು!). ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು. ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯದು. ಹಸುಗೂಸು ಹೇಳಲಾರದು. ಹಿರಿಯರ ಮಾತು ಮೀರುವುದು ಕಷ್ಟ, ನಿಜ. ಬಾಣಂತಿಗೂ ಮಗುವಿಗೂ ಕಂಬಳಿ ಹೊದಿಸಿ, ಕುಲಾವಿ ತೊಡಿಸಿ, ಕೆಂಡ ಹೊರಗಿರಲಿ. ಕೆಂಡವಿದ್ದ ಕೋಣೆಯಲ್ಲಿ ಯಾರಿಗಾದರೂ ತಲೆ ಸುತ್ತಿದರೆ ಎಲ್ಲರನ್ನೂ ತಕ್ಷಣ ಬಯಲಿಗೆ ಕರೆತಂದು ಆಸ್ಪತ್ರೆಗೆ ಒಯ್ಯಿರಿ. ಕೆಂಡಕ್ಕೆ ಬೂದಿ ಮುಚ್ಚಿದರೆ ಸಾಕೆಂದು ಕೆಲವರು ನಂಬುತ್ತಾರೆ. ಬೂದಿಯಡಿಯ ಕೆಂಡವೂ ಈ ಅನಿಲವನ್ನು ಬಿಡುತ್ತಲೇ ಇರುತ್ತದೆ.